ಹಿತ್ತಿಲಿಗೆ ಇನ್ನೊಂದು ವರ್ಷ

ಚಾಮರಾಜನಗರಕ್ಕೆ ಸಮೀಪದ ಹರದನಹಳ್ಳಿಯಲ್ಲಿ ಒಂದು ಮನೆಗೆ ನಾವು ಭೇಟಿಯಿತ್ತಾಗ ಆ ಮನೆಯ ಹಿರಿಯರು ನಮ್ಮನ್ನು ಹಿತ್ತಿಲಿಗೆ ಕರೆದೊಯ್ದರು. “ನೋಡಿ ಸ್ವಾಮಿ, ಚಳಿಗಾಲ ಕಳೆಯುವಷ್ಟರಲ್ಲಿ ಎಲ್ಲವೂ ಹೋಯಿತು. ಮಕ್ಕಳು ಬೆಂಗಳೂರು ಸೇರಿದ್ದಾರೆ. ಇನ್ನು ಈ ಜಾಗಕ್ಕೆ ಸಿಮೆಂಟು ಹಾಕಿಸಿಬಿಡುತ್ತೇವೆ” ಎಂದರು. ತುಳಸಿ ಒಣಗಿ ಕಡ್ಡಿಯಾಗಿತ್ತು. ಒಂದೆಲಗದ ಕುರುಹೂ ಉಳಿದಿರಲಿಲ್ಲ. ಪರಂಗಿ ಗಿಡಕ್ಕೆ ಹತ್ತಿಯಂತೆ ಬೆಳ್ಳಗೆ ಹಿಟ್ಟುತಿಗಣೆ ಮೆತ್ತಿಕೊಂಡಿತ್ತು. ಕರಿಬೇವೂ ಸೀಬೆಯೂ ಎಲೆಯುದುರಿ ಬೋಳಾಗಿ ನಿಂತಿದ್ದವು.

ನಾವು ಕರಿಬೇವಿನ ಕೊಂಬೆಯೊಂದನ್ನು ಉಗುರಿನಿಂದ ಮೆಲ್ಲನೆ ಗೀರಿದೆವು. ಕಂದು ತೊಗಟೆಯ ಕೆಳಗೆ ಹಸಿರು ಕಾಣಿಸಿತು. “ಅಯ್ಯೋ, ಇದಕ್ಕೆ ಜೀವವಿದೆಯಲ್ಲ!” ಎಂದರು ಮನೆಯ ತಾಯಿ. ಇಲ್ಲದಿರುವುದಕ್ಕೂ ಇರುವುದಕ್ಕೂ ನಡುವೆ ‘ಆಗಬಲ್ಲದ್ದು’ ಎಂಬುದೊಂದುಂಟು ಎಂದು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ವಾದಿಸಿದ್ದನ್ನು ನಾವು ಗುರುಮಠದಲ್ಲಿ ಓದಿದ್ದೆವು. ಆ ಪಾಠ ಅಂದು ಹಿತ್ತಿಲಿನಲ್ಲಿ ಕಣ್ಣಿಗೆ ಕಂಡಿತು. ಚಳಿಯಲ್ಲಿ ಕರಿಬೇವು ಚಿಗುರುವುದನ್ನು ನಿಲ್ಲಿಸಿ ಎಲೆಯುದುರಿಸುತ್ತದೆ. ಬಿಸಿಲೇರಿದಾಗ ಮತ್ತೆ ಚಿಗುರುತ್ತದೆ. ಅದು ಸಾವಲ್ಲ, ವಿಶ್ರಾಂತಿ. ಆದ್ದರಿಂದ ಗುದ್ದಲಿ ಎತ್ತುವ ಮೊದಲು ಒಂದೊಂದು ಗಿಡವನ್ನೂ ಪರೀಕ್ಷಿಸುವುದು ವಿವೇಕ.

ನಿಜವಾಗಿ ಸತ್ತ ಗಿಡಗಳ ವಿಷಯದಲ್ಲಿಯೂ ಕಾರಣ ತಿಳಿಯಬೇಕು. ನಮ್ಮ ಸೀಮೆ ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿದೆ. ಹಿಂಗಾರು ಮುಗಿದ ಮೇಲೆ ಬೇಸಿಗೆಯ ಮೊದಲ ಮಳೆಯವರೆಗೆ ನೆಲ ಒಣಗುತ್ತಲೇ ಹೋಗುತ್ತದೆ. ಹೀಗಾಗಿ ಇಲ್ಲಿ ಗಿಡಗಳನ್ನು ಕೊಲ್ಲುವುದು ಬಹುಮಟ್ಟಿಗೆ ಚಳಿಯಲ್ಲ, ಬಾಯಾರಿಕೆ. ಪರಂಗಿಯ ಕಥೆ ಬೇರೆ. ಮೆಕ್ಸಿಕೊ ಸೀಮೆಯ ಹಿಟ್ಟುತಿಗಣೆ ನಮ್ಮ ದೇಶದಲ್ಲಿ ಮೊದಲು ಕಾಣಿಸಿದ್ದು 2008ರಲ್ಲಿ, ನೆರೆಯ ಕೊಯಮತ್ತೂರಿನಲ್ಲಿ. ಅದು ಪರಂಗಿಯನ್ನಷ್ಟೇ ಅಲ್ಲ, ಹಿಪ್ಪುನೇರಳೆಯನ್ನೂ ಹಾಳುಮಾಡಿತು. 2010ರಲ್ಲಿ ಬೆಂಗಳೂರಿನ ಕೀಟವಿಜ್ಞಾನಿಗಳು ಆ ತಿಗಣೆಯ ಮೈಯಲ್ಲೇ ಮೊಟ್ಟೆಯಿಡುವ ಅತಿ ಸಣ್ಣ ಕಣಜವನ್ನು ತರಿಸಿ ಬಿಟ್ಟ ಮೇಲೆ ಹಾವಳಿ ತಗ್ಗಿತು. ಕಂಡಕೂಡಲೇ ವಿಷ ಸಿಂಪಡಿಸಿದರೆ ಈ ಮಿತ್ರ ಕಣಜವೂ ಸಾಯುತ್ತದೆ. ಬಲವಾಗಿ ಮೆತ್ತಿದ ಭಾಗವನ್ನು ಕತ್ತರಿಸಿ ಸುಡುವುದು, ಉಳಿದುದಕ್ಕೆ ರಭಸವಾಗಿ ನೀರು ಹಾಯಿಸುವುದು, ಇರುವೆಗಳನ್ನು ದೂರವಿಡುವುದು ಲೇಸು. ಬಾಳೆ ಸೊರಗಿ ಸತ್ತಿದ್ದರೆ ಇನ್ನೂ ಎಚ್ಚರ ಬೇಕು. ನಂಜನಗೂಡಿನ ರಸಬಾಳೆಯನ್ನು ಅಳಿವಿನಂಚಿಗೆ ತಳ್ಳಿದ ಪನಾಮ ಸೊರಗುರೋಗದ ಶಿಲೀಂಧ್ರ ದಶಕಗಳ ಕಾಲ ಮಣ್ಣಿನಲ್ಲೇ ಉಳಿಯಬಲ್ಲದು. ಅದೇ ಗುಂಡಿಯಲ್ಲಿ ಮತ್ತೆ ಬಾಳೆ ನೆಡುವುದು ಭರವಸೆಯಲ್ಲ, ಹಟ.

ಮರಳಿ ತೊಡಗುವುದಕ್ಕೆ ಹೆಚ್ಚು ಹಣ ಬೇಕಿಲ್ಲ. ನೆರೆಮನೆಯವರಿಂದ ದೊಡ್ಡಪತ್ರೆಯ ಒಂದು ಗೇಣುದ್ದದ ಕಡ್ಡಿ ತಂದು ನೆರಳಿನಲ್ಲಿ ಊರಿದರೆ ಅದು ಬೇರು ಬಿಡುತ್ತದೆ. ಒಣಗಿದ ತುಳಸಿಯ ತೆನೆಯಲ್ಲೇ ಮುಂದಿನ ತುಳಸಿಯ ಬೀಜವಿದೆ. ಒಂದೆಲಗಕ್ಕೆ ಬಚ್ಚಲ ಬಳಿಯ ತೇವ ಸಾಕು. ಸೋಪಿನ ನೀರು ಮಾತ್ರ ತಾಗದಿರಲಿ. ಸೀಬೆ, ನಿಂಬೆಗಳ ಒಣಕೊಂಬೆ ಸವರಿ, ಬುಡದ ಸುತ್ತ ಪಾತಿ ಮಾಡಿ, ಕೊಳೆತ ಗೊಬ್ಬರ ಹಾಕಿ, ಮೇಲೆ ತರಗೆಲೆ ಹೊದಿಸಿದರೆ ಅಕ್ಕಿ ತೊಳೆದ ನೀರೂ ಅವಕ್ಕೆ ಜೀವಾಧಾರವಾಗುತ್ತದೆ. ಪರಂಗಿ ಬೀಜವನ್ನು ಈಗಲೇ ಚೀಲದಲ್ಲಿ ಹಾಕಿದರೆ ಮಳೆ ಹಿಡಿಯುವ ವೇಳೆಗೆ ಸಸಿ ಸಿದ್ಧವಾಗಿರುತ್ತದೆ. ಭರಣಿ ಮಳೆ ಬಿದ್ದರೆ ಧರಣಿಗೆ ಜೀವ ಎಂಬ ನಮ್ಮ ರೈತರ ನಂಬಿಕೆ ಸುಳ್ಳಲ್ಲ. ಆದರೆ ಆ ಮಳೆ ಬಿದ್ದಾಗ ನೆಲ ಹದವಾಗಿರಬೇಕು. ಸಿಮೆಂಟಿನ ಮೇಲೆ ಬಿದ್ದ ಮಳೆ ಹರಿದುಹೋಗುತ್ತದೆ, ಅಷ್ಟೆ.

ಲೂಕನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಮೂರು ವರ್ಷ ಫಲ ಕೊಡದ ಅಂಜೂರದ ಮರವನ್ನು ಕಡಿದುಹಾಕಲು ಒಡೆಯನು ಹೇಳುತ್ತಾನೆ. ತೋಟಗಾರನು ಇನ್ನೊಂದು ವರ್ಷದ ಗಡುವು ಕೇಳುತ್ತಾನೆ. ಆತ ಬರಿದೆ ಕಾಯುವ ಮಾತನಾಡುವುದಿಲ್ಲ. ಸುತ್ತಲೂ ಅಗೆದು ಗೊಬ್ಬರ ಹಾಕುವುದಾಗಿ ಮಾತು ಕೊಡುತ್ತಾನೆ. ಆ ಮರ ಮುಂದೆ ಫಲ ಬಿಟ್ಟಿತೇ ಎಂಬುದನ್ನು ಸಾಮತಿ ತಿಳಿಸುವುದಿಲ್ಲ. ಫಲ ನಮ್ಮ ಕೈಯಲ್ಲಿಲ್ಲ. ಅಗೆಯುವ ಕೆಲಸವಷ್ಟೇ ನಮ್ಮದು.

ಮಕ್ಕಳು ದೂರವಿದ್ದಾರೆ, ಯಾರಿಗಾಗಿ ಬೆಳೆಸಬೇಕು ಎಂದು ಹಿರಿಯರು ಕೇಳುವುದುಂಟು. ರಜೆಗೆ ಬರುವ ಮೊಮ್ಮಗನಿಗೆ ಕೆಮ್ಮಾದಾಗ ಅಜ್ಜಿ ದೊಡ್ಡಪತ್ರೆಯ ಎಲೆ ಕೀಳಲು ಹಿತ್ತಿಲಿಗೆ ಹೋಗುವಂತಿರಬೇಕು. ಆ ಎಲೆಯ ಜೊತೆಗೆ ಅದರ ಹೆಸರೂ ಗುಣವೂ ಮುಂದಿನ ತಲೆಮಾರಿಗೆ ದಾಟುತ್ತವೆ. ಇದನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಬಂಧುಗಳೇ, ಸಿಮೆಂಟಿನ ಚೀಲ ತರುವ ಮುನ್ನ ನಿಮ್ಮ ಹಿತ್ತಿಲಿಗೂ ಇನ್ನೊಂದು ವರ್ಷ ಕೊಡಿ. ಹರದನಹಳ್ಳಿಯ ಆ ಮನೆಯವರು ಕೊಟ್ಟಿದ್ದಾರೆ.