ಬದುಕಲಾಗದ ತಳದಲ್ಲಿ ಉಳಿದ ಜೀವಿಗಳು

ಜರ್ಮನಿಯ ಬವೇರಿಯಾದಲ್ಲಿರುವ ಸೋಲ್ನ್‌ಹೋಫೆನ್ ಸುಣ್ಣಕಲ್ಲು ಪಳೆಯುಳಿಕೆಗಳಿಗೆ ಹೆಸರುವಾಸಿ. ಹಾಗೆಂದ ಮೇಲೆ ಅಲ್ಲಿನ ಕಡಲತಳ ಒಂದು ಕಾಲಕ್ಕೆ ಜೀವಿಗಳಿಂದ ಗಿಜಿಗುಡುತ್ತಿದ್ದಿರಬೇಕು ಎಂದುಕೊಳ್ಳುತ್ತೇವೆ. ನಡೆದದ್ದು ಹೆಚ್ಚುಕಡಿಮೆ ಇದರ ತಿರುಗಾಮುರುಗಾ.

ಸುಮಾರು 15 ಕೋಟಿ ವರ್ಷಗಳ ಹಿಂದೆ, ಜುರಾಸಿಕ್ ಕಾಲದ ಕೊನೆಯ ಘಟ್ಟದಲ್ಲಿ, ಅಲ್ಲಿ ಬೆಚ್ಚಗಿನ ಸಮುದ್ರವಿತ್ತು. ಸ್ಪಂಜು, ಹವಳಗಳ ದಿಬ್ಬಗಳು ನೀರನ್ನು ಮಡುಗಳಾಗಿ ಬೇರ್ಪಡಿಸಿದ್ದವು. ಬಿಸಿಲಿಗೆ ನೀರು ಆವಿಯಾದಂತೆ ಉಪ್ಪಿನಂಶ ಏರಿ, ಭಾರವಾದ ಉಪ್ಪುನೀರು ಕೆಳಗಿಳಿದು ಅಲ್ಲೇ ನಿಂತುಬಿಡುತ್ತಿತ್ತು ಎನ್ನುವುದು ಬಹುಮಟ್ಟಿಗೆ ಒಪ್ಪಿತವಾದ ವಿವರಣೆ. ಮೇಲಿನ ನೀರಿನೊಂದಿಗೆ ಬೆರೆಯದ ಆ ತಳದಲ್ಲಿ ಆಮ್ಲಜನಕ ತೀರಾ ಕಡಿಮೆ. ಬಿದ್ದ ಹೆಣವನ್ನು ಕಿತ್ತು ತಿನ್ನುವವರಿಲ್ಲ, ಕೆಸರನ್ನು ಕೆದಕುವ ಹುಳುವಿಲ್ಲ. ನುಣುಪಾದ ಸುಣ್ಣದ ಕೆಸರು ಮೆಲ್ಲನೆ ಮುಚ್ಚುತ್ತಿತ್ತು. ಹೀಗಾಗಿ ಮೂಳೆಯೇ ಇಲ್ಲದ ಲೋಳೆಮೀನಿನ ಅಚ್ಚೂ ಕೊಡತಿಹುಳುವಿನ ರೆಕ್ಕೆಯ ನರಗಳೂ ಕಲ್ಲಿನಲ್ಲಿ ಉಳಿದಿವೆ. ಒಂದು ಲಾಳದೇಡಿಯಂತೂ ತಳದಲ್ಲಿ ತಡಕಾಡುತ್ತ ನಡೆದ ಜಾಡಿನ ಕೊನೆಯಲ್ಲೇ ಸತ್ತು ಬಿದ್ದಿದೆ. ತಳದ ನೀರು ಎಷ್ಟು ಮಾರಕವಾಗಿತ್ತು ಎನ್ನಲು ಇದಕ್ಕಿಂತ ನೇರ ಸಾಕ್ಷಿ ಬೇಕೇ?

ಪಳೆಯುಳಿಕೆಗಳು ಇಲ್ಲಿ ಹೆಜ್ಜೆಹೆಜ್ಜೆಗೂ ಸಿಗುವುದಿಲ್ಲ. ಸೀಳಿದ ಚಪ್ಪಡಿಗಳಲ್ಲಿ ಬಹುಪಾಲು ಬರಿದು. ಚಾವಣಿಗೆ, ನೆಲಹಾಸಿಗೆ ಜನ ಶತಮಾನಗಳಿಂದ ಕೈಯಿಂದಲೇ ಕಲ್ಲು ಸೀಳುತ್ತ ಬಂದದ್ದರಿಂದ ಅವು ಬೆಳಕು ಕಂಡವು. 18ನೇ ಶತಮಾನದ ಕೊನೆಗೆ ಆಲೋಯ್ಸ್ ಸೆನೆಫೆಲ್ಡರ್ ಇದೇ ನುಣುಪು ಕಲ್ಲಿನಿಂದ ಕಲ್ಲಚ್ಚಿನ ವಿಧಾನ ರೂಪಿಸಿದ ಮೇಲೆ ಬೇಡಿಕೆ ಇನ್ನೂ ಹೆಚ್ಚಿತು. 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ ಅಚ್ಚಾದದ್ದೂ ಆ ವಿಧಾನದಲ್ಲೇ.

1861ರಲ್ಲಿ ಹರ್ಮನ್ ಫಾನ್ ಮೇಯರ್ ಇಲ್ಲಿ ಸಿಕ್ಕ ಗರಿಯೊಂದನ್ನು ವಿವರಿಸಿ ಆರ್ಕಿಯೊಪ್ಟೆರಿಕ್ಸ್ ಎಂಬ ಹೆಸರನ್ನು ಬಳಕೆಗೆ ತಂದ. ಡಾರ್ವಿನ್ನನ ‘ಜೀವಸಂಕುಲಗಳ ಉಗಮ’ ಹೊರಬಂದು ಆಗಿನ್ನೂ ಎರಡೇ ವರ್ಷ. ಅದೇ ಹೊತ್ತಿಗೆ ಸಿಕ್ಕ ಅಸ್ಥಿಪಂಜರವನ್ನು ಬ್ರಿಟಿಷ್ ಮ್ಯೂಸಿಯಂ ಕೊಂಡುಕೊಂಡಿತು. ಹಕ್ಕಿಯ ಗರಿ, ಸರೀಸೃಪದ ಉದ್ದನೆಯ ಮೂಳೆಬಾಲ. ಮುಂದೆ ಸಿಕ್ಕ ಮಾದರಿಗಳಲ್ಲಿ ಹಲ್ಲುಗಳೂ ಸ್ಪಷ್ಟವಾದವು. ಇಂದಿನ ಹಕ್ಕಿಗಳ ನೇರ ಪೂರ್ವಜ ಇದೇ ಎಂದು ಹೇಳುವಂತಿಲ್ಲ. ಡೈನೋಸಾರ್–ಹಕ್ಕಿಗಳ ನಂಟಿಗೆ ಮಾತ್ರ ಇದು ಗಟ್ಟಿ ಆಧಾರ. ಒರಟು ಮರಳುಗಲ್ಲಿನಲ್ಲಿ ಹುದುಗಿದ್ದರೆ ಗರಿಯ ಗುರುತು ಉಳಿಯುತ್ತಿರಲಿಲ್ಲ, ಮೂಳೆಗಳನ್ನಷ್ಟೇ ನೋಡಿ ಯಾವುದೋ ಸಣ್ಣ ಡೈನೋಸಾರ್ ಎಂದು ಬದಿಗಿಡುತ್ತಿದ್ದರು. ಬರಿಯ ಊಹೆಯಲ್ಲ ಇದು: ಗರಿ ಮಸುಕಾಗಿದ್ದ ಒಂದು ಮಾದರಿಗೆ ದಶಕಗಳ ಕಾಲ ಆಗಿದ್ದು ಹಾಗೆಯೇ.