ಮೊದಲು ನೀರಿನ ಆಳ, ಆಮೇಲೆ ಸೌರ ಫಲಕ



ವಿದ್ಯುತ್ತಿನ ಅಭಾವ ತಲೆದೋರಿದಾಗಲೆಲ್ಲ ಹೊಸ ಸ್ಥಾವರ ಕಟ್ಟಬೇಕೆಂಬ ಕೂಗು ಏಳುವುದು ವಾಡಿಕೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಮೂಲ್ಯ ರೆಡ್ಡಿ ಮತ್ತು ಅವರ ಸಂಗಡಿಗರು ೧೯೯೧ರಲ್ಲಿ ಬೇರೊಂದು ದಾರಿ ತೋರಿಸಿದರು. ಪಂಪು, ದೀಪ, ನೀರು ಕಾಯಿಸುವ ಸಾಧನಗಳಲ್ಲಿ ಆಗುವ ಪೋಲನ್ನು ತಡೆದು, ಬಿಸಿಲಿನಂಥ ಮೂಲಗಳನ್ನು ಬಳಸಿಕೊಂಡರೆ, ೨೦೦೦ದ ಹೊತ್ತಿಗೆ ಬೇಕೆಂದು ಸರ್ಕಾರದ ಸಮಿತಿ ಅಂದಾಜು ಮಾಡಿದ್ದರ ಅರ್ಧಕ್ಕಿಂತ ಕಡಿಮೆ ವಿದ್ಯುತ್ತಿನಲ್ಲಿ ಕರ್ನಾಟಕದ ಕೆಲಸ ನಡೆಯುತ್ತದೆಂದು ಅವರು ಲೆಕ್ಕ ಕೊಟ್ಟರು.

ಈ ಬಗೆಯ ಲೆಕ್ಕವನ್ನು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ರೈತರು ತಮ್ಮ ಹೊಲದಲ್ಲೇ ಹಾಕಿ ನೋಡಬಹುದು. ಒಂದು ಎಕರೆಗೆ ಒಂದು ಅಂಗುಲ ನೀರು ಕೊಡಲು ಸುಮಾರು ಒಂದು ಲಕ್ಷ ಲೀಟರ್ ಬೇಕು. ಪಂಪಿನ ದಕ್ಷತೆ ನೂರಕ್ಕೆ ೪೦ ಎಂದಿಟ್ಟುಕೊಳ್ಳಿ. ತೆರೆದ ಬಾವಿಯಲ್ಲಿ ನೀರು ೩೦ ಅಡಿಯಲ್ಲಿದ್ದರೆ ೬ ಯೂನಿಟ್ಟಿನಷ್ಟು ಸಾಕು. ಕೊಳವೆ ಬಾವಿಯಲ್ಲಿ ನೀರು ೧೦೦೦ ಅಡಿಗೆ ಇಳಿದಿದ್ದರೆ ೨೦೦ ಯೂನಿಟ್ಟಿಗೂ ಹೆಚ್ಚು! ಒಳ್ಳೆಯ ಪಂಪು ಹಾಕಿ ದಕ್ಷತೆಯನ್ನು ೬೦ಕ್ಕೆ ಏರಿಸಿದರೂ ಸುಮಾರು ೧೪೦ ಯೂನಿಟ್ ಬೇಕೇ ಬೇಕು. ಒಳ್ಳೆಯ ಪಂಪು ಅಗತ್ಯವೇ. ಆದರೆ ವಿದ್ಯುತ್ತನ್ನು ನುಂಗುತ್ತಿರುವುದು ಮುಖ್ಯವಾಗಿ ಆಳ.

"೧೦ ಅಶ್ವಶಕ್ತಿಯವರೆಗೆ ಬಿಲ್ಲೇ ಇಲ್ಲವಲ್ಲ" ಎಂದು ನೀವು ಕೇಳಬಹುದು. ಬಿಲ್ಲು ಇಲ್ಲ, ನಿಜ. ಸುಟ್ಟ ಮೋಟಾರಿನ ರಿವೈಂಡಿಂಗ್, ಬತ್ತಿದ ಬೋರಿನ ಸಾಲ ಯಾರ ತಲೆಗೆ? ರಾತ್ರಿ ಕರೆಂಟು ಬಂದ ಕೂಡಲೇ ತಾನಾಗಿ ಚಾಲೂ ಆಗುವ ಸ್ಟಾರ್ಟರ್ ಹಾಕಿ ಮಲಗುವವರ ಹೊಲದಲ್ಲಿ ನೀರು ಬದು ದಾಟಿ ಹರಿಯುತ್ತದೆ. ಅಷ್ಟು ಆಳದಿಂದ ಎತ್ತಿದ ನೀರಿಗೆ ಈ ಗತಿ ಬರಬಾರದು. ಸಮಯಕ್ಕೆ ನಿಲ್ಲಿಸುವ ಟೈಮರ್ ಹಾಕಿಸಿ. ಟೊಮೆಟೊ, ಹಿಪ್ಪುನೇರಳೆಗೆ ಹನಿ ನೀರಾವರಿ, ಹೊದಿಕೆ ಮಾಡಿ.

ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಗೆ ಕೆರೆಯೇ ಆಸರೆ. ೨೦೧೮ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. (ಅದನ್ನೂ ಪಂಪಿನಿಂದಲೇ ಏರಿಸಿ ತರಬೇಕು, ಅದರ ಗುಣಮಟ್ಟದ ಚರ್ಚೆಯೂ ಇದೆ.) ಮಳೆ ನೀರು ಹಾಗಲ್ಲ, ತಾನಾಗಿ ಬೀಳುತ್ತದೆ. ಕೆರೆಯ ಹೂಳು, ರಾಜಕಾಲುವೆಯ ಒತ್ತುವರಿ ತೆಗೆದರೆ, ಹೊಲದಲ್ಲಿ ಕೃಷಿಹೊಂಡ ತೋಡಿದರೆ ನೀರಿನ ಮಟ್ಟ ಏರಲು ದಾರಿಯಾಗುತ್ತದೆ. ೧೦೦ ಅಡಿ ಮೇಲೇರಿದರೂ ಮೇಲೆ ಹೇಳಿದ ಲೆಕ್ಕದಲ್ಲಿ ಅಂಗುಲವೊಂದಕ್ಕೆ ೨೦ ಯೂನಿಟ್ ಉಳಿಯಿತು.

ಇನ್ನು ಸೌರ ಪಂಪು. ಕೇಂದ್ರದ ಕುಸುಮ್ ಯೋಜನೆ ೨೦೧೯ರಲ್ಲಿ ಬಂದ ಮೇಲೆ ಇದರ ಮಾತು ಎಲ್ಲೆಡೆ ಇದೆ. ಹಗಲು ಹೊತ್ತಿನಲ್ಲೇ ನೀರು ಹಾಯಿಸಬಹುದೆಂಬುದು ದೊಡ್ಡ ಅನುಕೂಲ, ಹಾವು-ಚೇಳಿನ ಭಯವಿಲ್ಲ. ಆದರೆ ಬಿಸಿಲಿಗೂ ಬಿಲ್ಲಿಲ್ಲವೆಂದು ದಿನವಿಡೀ ಎತ್ತಿದರೆ ಬೋರು ಇನ್ನಷ್ಟು ಬೇಗ ಬತ್ತೀತು. ಹನಿ ನೀರಾವರಿ ಅಳವಡಿಸಿ, ದಿನಕ್ಕೆ ಎಷ್ಟು ನೀರು ಬೇಕೆಂದು ನಿಶ್ಚಯಿಸಿದ ಮೇಲೆಯೇ ಫಲಕಕ್ಕೆ ಅರ್ಜಿ ಹಾಕಿ. ಅದಕ್ಕೆ ಮೊದಲು ಬೋರಿನ ನೀರಿನ ಮಟ್ಟವನ್ನು ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ, ಪಂಪು ಓಡುತ್ತಿರುವಾಗಲೇ ಅಳೆಸಿ ಬರೆದಿಡಿ. ಆ ಎರಡು ಅಂಕಿ ಕೇಳದೆ ಪಂಪು ಮಾರಲು ಬರುವವರಿಗೆ ಮುಂಗಡ ಕೊಡಬೇಡಿ.