ಕತ್ತಿಗೂ ಒಂದು ಜಾತಕ

ಜಪಾನಿನ ಒಂದು ಹಳ್ಳಿಮನೆಯಲ್ಲಿ ಅಜ್ಜ ತೀರಿಕೊಂಡಿದ್ದಾರೆ ಎಂದಿಟ್ಟುಕೊಳ್ಳೋಣ. ಕರ್ಮಗಳೆಲ್ಲ ಮುಗಿದ ಮೇಲೆ ಮಗ, ಸೊಸೆ, ಮೊಮ್ಮಕ್ಕಳು ಸೇರಿ ಅಟ್ಟವನ್ನು ಚೊಕ್ಕಟ ಮಾಡುತ್ತಿದ್ದಾರೆ. ಮೂಲೆಯಲ್ಲಿ ಬಟ್ಟೆ ಸುತ್ತಿದ ಉದ್ದನೆಯ ಗಂಟೊಂದು ಸಿಗುತ್ತದೆ. ಬಿಚ್ಚಿದರೆ ಕತ್ತಿ! ಮೊಮ್ಮಗನಿಗೆ ಎಲ್ಲಿಲ್ಲದ ಸಂಭ್ರಮ. ಅವನಪ್ಪನಿಗೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಎಷ್ಟು ತಡಕಿದರೂ ಆ ಕತ್ತಿಯ ಜೊತೆಗಿರಬೇಕಾದ ಕಾಗದ ಸಿಗುತ್ತಿಲ್ಲ. ಕಾಗದವಿಲ್ಲದ ಕತ್ತಿಯನ್ನು ಮನೆಯಲ್ಲಿಟ್ಟುಕೊಳ್ಳುವುದು ಆ ದೇಶದಲ್ಲಿ ಅಪರಾಧ.

ಅವನು ಮಾಡಬೇಕಾದದ್ದು ಇಷ್ಟೆ. ತಡಮಾಡದೆ ಪೊಲೀಸ್ ಠಾಣೆಗೆ ತಿಳಿಸಬೇಕು. ಇಂಥ ಮನೆಯಲ್ಲಿ ಇಂಥ ಕತ್ತಿ ಸಿಕ್ಕಿತೆಂದು ಅವರು ಬರೆದುಕೊಡುತ್ತಾರೆ. ಆ ಚೀಟಿಯನ್ನೂ ಕತ್ತಿಯನ್ನೂ ಹಿಡಿದುಕೊಂಡು, ಗೊತ್ತುಮಾಡಿದ ದಿನ, ಪ್ರಾಂತದ ಶಿಕ್ಷಣ ಮಂಡಲಿಯವರು ನಡೆಸುವ ಪರೀಕ್ಷೆಗೆ ಹೋಗಬೇಕು. ಕತ್ತಿಗೂ ಶಿಕ್ಷಣ ಇಲಾಖೆಗೂ ಏನು ಸಂಬಂಧವೆಂದು ಆಶ್ಚರ್ಯವಾಗಬಹುದು. ಅಲ್ಲಿ ಕುಳಿತ ಪರಿಣತರು ಕತ್ತಿ ತಂದವನನ್ನು 'ನೀನು ಯಾರು, ನಿನಗೇಕೆ ಕತ್ತಿ' ಎಂದು ಕೇಳುವುದಿಲ್ಲ. ಅವರು ವಿಚಾರಿಸುವುದೆಲ್ಲ ಕತ್ತಿಯನ್ನೇ. ನಿನ್ನ ಉಕ್ಕು ಯಾವುದು, ನಿನ್ನನ್ನು ಬಡಿದ ರೀತಿ ಯಾವುದು, ಹಿಡಿಯೊಳಗಿನ ಭಾಗದಲ್ಲಿ ಕಮ್ಮಾರನ ಸಹಿ ಇದೆಯೇ?

ಪರೀಕ್ಷೆಯಲ್ಲಿ ತೇರ್ಗಡೆಯಾದ ಕತ್ತಿಗೆ ಒಂದು ನೋಂದಣಿ ಪತ್ರ ಸಿಗುತ್ತದೆ. ಅಲಗಿನ ಉದ್ದ, ಬಾಗಿನ ಪ್ರಮಾಣ, ಹಿಡಿಯೊಳಗಿನ ತುದಿಯಲ್ಲಿರುವ ತೂತುಗಳ ಸಂಖ್ಯೆ, ಸಹಿಯ ಅಕ್ಷರಗಳು ಎಲ್ಲವೂ ಅದರಲ್ಲಿ ಇರುತ್ತವೆ. ಇದು ಒಡೆಯನ ಪರವಾನಗಿಯಲ್ಲ, ಕತ್ತಿಯದೇ ಜಾತಕ. ಕತ್ತಿ ಯಾರ ಕೈಗೆ ಹೋದರೂ ಜಾತಕ ಅದರ ಜೊತೆಗೇ ಹೋಗಬೇಕು. ಕೊಂಡವನು 20 ದಿನಗಳೊಳಗೆ ತಿಳಿಸಿದರೆ ಸಾಕು. 1958ರಲ್ಲಿ ಬಂದ ಬಂದೂಕು ಮತ್ತು ಕತ್ತಿಗಳ ನಿಯಂತ್ರಣ ಕಾಯಿದೆಯ ಏರ್ಪಾಡು ಇದು. 15 ಸೆಂಟಿಮೀಟರ್ ಅಥವಾ ಅದಕ್ಕಿಂತ ಉದ್ದದ ಅಲಗುಳ್ಳ ಕತ್ತಿಗಳೆಲ್ಲ ಇದರ ಅಳವಿಗೆ ಬರುತ್ತವೆ.

ತೇರ್ಗಡೆಯಾಗದ ಕತ್ತಿಯ ಗತಿ? ಅದನ್ನು ಒಪ್ಪಿಸಿಬಿಡಬೇಕು. ಇಲ್ಲಿಯೇ ಒಂದು ನೋವಿನ ಸಂಗತಿಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಅಧಿಕಾರಿಗಳಿಗೆಂದು ಕಾರ್ಖಾನೆಗಳಲ್ಲಿ ರಾಶಿರಾಶಿಯಾಗಿ ಕತ್ತಿಗಳು ತಯಾರಾದವು. ಗಿರಣಿಯ ಉಕ್ಕಿನ ಪಟ್ಟಿಯಿಂದ ಮಾಡಿದ ಅಂಥ ಕತ್ತಿಗೆ ನೋಂದಣಿ ಇಲ್ಲ. ಹೀಗಾಗಿ ಯಾರೋ ಹೆಸರು ಗೊತ್ತಿಲ್ಲದ ಪೂರ್ವಜನ ನಾನೂರು ವರ್ಷದ ಕತ್ತಿ ಮನೆಯಲ್ಲಿ ಉಳಿಯಬಹುದು. ಅಜ್ಜ ತಾನೇ ಯುದ್ಧಕ್ಕೆ ಕೊಂಡೊಯ್ದು, ಬದುಕಿ ಮರಳಿ ತಂದ ಕತ್ತಿ ಉಳಿಯಲಾರದು. ಕಾಯಿದೆಗೆ ಕಾಣುವುದು ಉಕ್ಕು ಮಾತ್ರ. ಮನೆಯವರ ನೆನಪು ಅದರ ಲೆಕ್ಕಕ್ಕೆ ಬರುವುದಿಲ್ಲ. ಕೆಲವು ಅಧಿಕಾರಿಗಳು ಮನೆತನದ ಹಳೆಯ ಅಲಗಿಗೇ ಸೈನ್ಯದ ಹಿಡಿ, ಒರೆ ಹಾಕಿಸಿಕೊಂಡು ಹೋಗಿದ್ದುಂಟು. ಆದ್ದರಿಂದ ಹೊರಗಿನ ವೇಷ ನೋಡಿ ತೀರ್ಪು ಕೊಡುವಂತಿಲ್ಲ. ಹಿಡಿ ಕಳಚಿ ನೋಡಲೇಬೇಕು.

ಹಾಗಾದರೆ ಪರಿಣತರು ಉಕ್ಕಿನಲ್ಲಿ ನೋಡುವುದೇನನ್ನು? ಜಪಾನಿನ ಸಾಂಪ್ರದಾಯಿಕ ಕಮ್ಮಾರ ಕಬ್ಬಿಣದ ಮರಳು ಮತ್ತು ಇದ್ದಿಲಿನಿಂದ ಪಡೆದ 'ತಮಾಹಗಾನೆ' ಎಂಬ ಉಕ್ಕನ್ನು ಬಳಸುತ್ತಾನೆ. ಅದರಲ್ಲಿ ಇಂಗಾಲ ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ, ಕಿಟ್ಟವೂ ಸೇರಿಕೊಂಡಿರುತ್ತದೆ. ಕಾಯಿಸಿ, ಬಡಿದು, ಮಡಿಸಿ, ಮತ್ತೆ ಬಡಿದಾಗ ಕಿಟ್ಟ ಹೊರಬೀಳುತ್ತದೆ, ಇಂಗಾಲ ಸಮನಾಗಿ ಹರಡುತ್ತದೆ. ಒಂದು ಮಡಿಕೆಗೆ 2 ಪದರ, ಎರಡಕ್ಕೆ 4, ಹತ್ತಕ್ಕೆ 1,024. ಹದಿನೈದು ಮಡಿಕೆಗೆ ಎಷ್ಟೆಂದು ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ, 32,768 ಬರಬೇಕು. ಸಿನಿಮಾಗಳಲ್ಲಿ ತೋರಿಸುವಂತೆ ಈ ಮಡಿಕೆಯಲ್ಲಿ ಮಂತ್ರವೇನೂ ಇಲ್ಲ. ಒರಟು ಸಾಮಗ್ರಿಯನ್ನು ಹದಕ್ಕೆ ತರುವ ಉಪಾಯ ಅದು. ಆದರೆ ಆ ಪದರಗಳು ಸಾಣೆ ಹಿಡಿದ ಮೇಲೆ ಮರದ ನಾರಿನಂತೆ ಅಲಗಿನ ಮೇಲೆ ಕಾಣಿಸುತ್ತವೆ. ಗಿರಣಿಯ ಉಕ್ಕಿನಲ್ಲಿ ಆ ನಾರು ಇರುವುದಿಲ್ಲ.

ಇನ್ನು ಹದ ಹಾಕುವ ಕ್ರಮ. ಕಮ್ಮಾರ ಅಲಗಿಗೆ ಜೇಡಿಮಣ್ಣಿನ ಲೇಪ ಕೊಡುತ್ತಾನೆ: ಬೆನ್ನಿಗೆ ದಪ್ಪ, ಬಾಯಿಗೆ ತೆಳು. ಕುಲುಮೆಯ ಕೋಣೆಯನ್ನು ಕತ್ತಲು ಮಾಡಿಕೊಂಡು, ಕೆಂಡದ ಬಣ್ಣವನ್ನು ಕಣ್ಣಳತೆಯಲ್ಲೇ ನೋಡಿ, ಸುಮಾರು 800 ಡಿಗ್ರಿ ಕಾದ ಅಲಗನ್ನು ನೀರಿಗೆ ಅದ್ದುತ್ತಾನೆ. ತೆಳು ಮಣ್ಣಿನ ಬಾಯಿ ತಟ್ಟನೆ ತಣಿಯುತ್ತದೆ. ಇಂಗಾಲದ ಪರಮಾಣುಗಳಿಗೆ ಹೊರಬರಲು ಪುರುಸೊತ್ತಿಲ್ಲ. ಕಬ್ಬಿಣದ ಹರಳುಗಳ ನಡುವೆ ಸಿಕ್ಕಿಹಾಕಿಕೊಳ್ಳುತ್ತವೆ. ಹೀಗಾದ ಗಡಸು ರೂಪವೇ ಮಾರ್ಟೆನ್‌ಸೈಟ್. ಬೆನ್ನು ನಿಧಾನವಾಗಿ ತಣಿದು, ಮೆದುವಾದ ಪರ್ಲೈಟ್ ಆಗುತ್ತದೆ. ಮಾರ್ಟೆನ್‌ಸೈಟ್ ಕೊಂಚ ಹೆಚ್ಚು ಜಾಗ ಬೇಡುವುದರಿಂದ ಬಾಯಿಯ ಕಡೆ ಹಿಗ್ಗಿ ಅಲಗು ಬೆನ್ನಿನತ್ತ ಬಾಗುತ್ತದೆ. ಆ ಚೆಂದದ ಬಾಗಿನ ಬಹುಪಾಲು ಬರುವುದು ಸುತ್ತಿಗೆಯಿಂದಲ್ಲ, ನೀರಿನಿಂದ. ಗಡಸು, ಮೆದು ಎರಡೂ ಸೇರುವ ಗಡಿಯಲ್ಲಿ ಮಂಜಿನಂಥ ಬಿಳಿಯ ಅಲೆ ಮೂಡುತ್ತದೆ. ಅದಕ್ಕೆ ಹಾಮೋನ್ ಎನ್ನುತ್ತಾರೆ. ಎಷ್ಟೋ ಅಲಗುಗಳು ನೀರಿನಲ್ಲೇ ಸೀಳಿಹೋಗುತ್ತವೆ. ತಿಂಗಳ ದುಡಿಮೆ ಒಂದು ಕ್ಷಣದಲ್ಲಿ ನೀರುಪಾಲು.

ಆಯುಧವನ್ನು ಕಲೆಯೆಂದು ನೋಡುವ ಈ ಕಾಯಿದೆ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. 1588ರಲ್ಲಿ ತೊಯೊತೊಮಿ ಹಿದೆಯೊಶಿ ಎಂಬ ಪ್ರಬಲ ನಾಯಕ ರೈತರ ಕತ್ತಿಗಳನ್ನೆಲ್ಲ ವಶಪಡಿಸಿಕೊಂಡ. ಆ ಲೋಹ ಬುದ್ಧನ ಮಹಾಮೂರ್ತಿಯ ಮಂದಿರಕ್ಕೆ ಮೊಳೆಗಳಾಗುತ್ತದೆ, ಕೊಟ್ಟವರಿಗೆ ಇಹಪರಗಳೆರಡರಲ್ಲೂ ಒಳಿತಾಗುತ್ತದೆ ಎಂದು ಸಾರಿಸಿದ. ದಂಗೆಯ ಭಯ ಮುಖ್ಯ ಕಾರಣವೆಂಬುದು ಬೇರೆ ಮಾತು. ಮುಂದೆ ಎರಡು ಕತ್ತಿ ಕಟ್ಟುವ ಹಕ್ಕು ಸಮುರಾಯಿಗಳದಾಯಿತು. 1876ರಲ್ಲಿ ಮೆಯಿಜಿ ಸರ್ಕಾರ ಅವರೂ ಬೀದಿಯಲ್ಲಿ ಕತ್ತಿ ಕಟ್ಟಿಕೊಂಡು ತಿರುಗಬಾರದೆಂದು ಆಜ್ಞೆ ಹೊರಡಿಸಿತು. ಇಟ್ಟುಕೊಳ್ಳಲು ಅಡ್ಡಿಯಿರಲಿಲ್ಲ. ಆದರೆ ಕಟ್ಟದ ಕತ್ತಿಯನ್ನು ಹೊಸದಾಗಿ ಮಾಡಿಸುವವರು ಯಾರು? ಕಮ್ಮಾರರು ಅಡುಗೆಯ ಚಾಕು, ಕತ್ತರಿ, ಕುಡುಗೋಲುಗಳಿಗೆ ಇಳಿದರು. ಕತ್ತಿಯ ಅಲಂಕಾರಕ್ಕೆ ಹೆಸರಾಗಿದ್ದ ಕಾನೊ ನಾತ್ಸುವೊ ಹೊಸ ನಾಣ್ಯಗಳಿಗೆ ಡ್ರ್ಯಾಗನ್ ಚಿತ್ರ ಕೆತ್ತಿಕೊಟ್ಟ. ಹಳೆಯ ಕತ್ತಿಗಳು ಅಗ್ಗವಾಗಿ ಹಡಗು ಹತ್ತಿ ಅಮೆರಿಕ, ಯುರೋಪುಗಳ ಸಂಗ್ರಹಕಾರರ ಮನೆ ಸೇರಿದವು. ಒಂದೇ ಆಜ್ಞೆಯಿಂದ ಮಾಡುವವನು ಬಡವನಾದ, ಸಂಗ್ರಹಿಸುವವನು ಶ್ರೀಮಂತನಾದ.

1945ರ ಸೋಲಿನ ನಂತರ ಅಮೆರಿಕದ ಸೇನಾಡಳಿತ ಜಪಾನಿನ ಕತ್ತಿಗಳನ್ನೆಲ್ಲ ಒಪ್ಪಿಸಲು ಹೇಳಿತು. ತೊಕುಗಾವಾ ಮನೆತನದವರು ಆಜ್ಞೆಗೆ ತಲೆಬಾಗಿ ತಮ್ಮಲ್ಲಿದ್ದ ಹೊಂಜೊ ಮಸಮುನೆ ಎಂಬ ಪ್ರಖ್ಯಾತ ಕತ್ತಿಯನ್ನು ಟೋಕಿಯೊದ ಮೆಜಿರೊ ಪೊಲೀಸ್ ಠಾಣೆಗೆ ಒಪ್ಪಿಸಿದರು. 1939ರಲ್ಲಿ ರಾಷ್ಟ್ರೀಯ ನಿಧಿಯೆಂದು ಘೋಷಿತವಾಗಿದ್ದ ಆ ಕತ್ತಿ ಮರುವರ್ಷದಿಂದ ಇಂದಿನವರೆಗೆ ಯಾರ ಕಣ್ಣಿಗೂ ಬಿದ್ದಿಲ್ಲ. ಹೊಂದಿಕೊಂಡು ನಡೆದವರ ಕತ್ತಿಯೇ ಹೋಯಿತು! ಹೊನ್ಮ ಜುಂಜಿ ಎಂಬ ವಿದ್ವಾಂಸರು ಕರ್ನಲ್ ಕ್ಯಾಡ್ವೆಲ್ ಎಂಬ ಸೇನಾಧಿಕಾರಿಗೆ ಕತ್ತಿಗಳನ್ನು ಒಂದೊಂದಾಗಿ ತೋರಿಸಿ, ಇವು ಬರಿಯ ಆಯುಧಗಳಲ್ಲವೆಂದು ಮನದಟ್ಟು ಮಾಡಿಸಿದರು. 1946ರಲ್ಲಿ ಕಲಾತ್ಮಕ ಕತ್ತಿಗಳಿಗೆ ವಿನಾಯಿತಿ ಸಿಕ್ಕಿತು. ಅಕಾಬಾನೆಯ ಸೇನಾ ಉಗ್ರಾಣದ ರಾಶಿಯಿಂದ ಸುಮಾರು 5,500 ಕತ್ತಿಗಳನ್ನು ಆರಿಸಿ ಉಳಿಸಲಾಯಿತು. 1948ರಲ್ಲಿ ಜಪಾನೀ ಕಲಾಖಡ್ಗಗಳ ಸಂರಕ್ಷಣಾ ಸಂಘ ಹುಟ್ಟಿತು. ಅಂದು ಹೊನ್ಮ ಅವರು ಎಳೆದ ಗೆರೆಯೇ, ಎಂದರೆ ಕಲೆಯಾದರೆ ಉಳಿಯಲಿ, ಬರಿಯ ಆಯುಧವಾದರೆ ಹೋಗಲಿ ಎಂಬುದೇ, ಇಂದಿಗೂ ಕಾಯಿದೆಯ ಬೆನ್ನೆಲುಬು.

ಗೆರೆ ಎಳೆದ ಮೇಲೆ ಅದರ ಆಚೆ ಸಿಕ್ಕಿಬೀಳುವವರೂ ಇರುತ್ತಾರೆ. ಸ್ಪೇನಿನಿಂದ ಹಳೆಯ ಸೇಬರ್ ಕತ್ತಿ ತಂದ ಒಬ್ಬರಿಗೆ ನೋಂದಣಿ ಸಿಗಲಿಲ್ಲ. ಕಾಯಿದೆ ಕಾಪಾಡುವುದು ಜಪಾನೀ ಕತ್ತಿಗಳನ್ನು ಮಾತ್ರ ಎಂಬ ನಿಲುವನ್ನು 1990ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಕತ್ತಿವರಸೆ ಕಲಿಯುವ ಹುಡುಗರು ಸತುವು ಮತ್ತು ಅಲ್ಯೂಮಿನಿಯಂ ಬೆರೆತ ಮಿಶ್ರಲೋಹದ ಕತ್ತಿ ಹಿಡಿಯುತ್ತಾರೆ. ಅದಕ್ಕೆ ಹರಿತ ಬರುವುದಿಲ್ಲ, ಅಯಸ್ಕಾಂತ ಅಂಟುವುದಿಲ್ಲ, ಜಾತಕವೂ ಬೇಕಿಲ್ಲ.

ಬ್ರಿಟನ್ನಿನವರೂ ಕೊನೆಗೆ ಇದೇ ಗೆರೆಗೆ ಬಂದರು. ಅಗ್ಗದ ನಕಲಿ ಸಮುರಾಯಿ ಕತ್ತಿಗಳಿಂದ ಹಲ್ಲೆಗಳಾದವೆಂದು 2008ರಲ್ಲಿ 50 ಸೆಂಟಿಮೀಟರ್ ಮತ್ತು ಅದಕ್ಕೆ ಮೇಲ್ಪಟ್ಟ ಬಾಗಿದ ಅಲಗಿನ ಕತ್ತಿಗಳ ಮಾರಾಟವನ್ನೂ ಆಮದನ್ನೂ ನಿಷೇಧಿಸಿದರು. ಸಂಗ್ರಹಕಾರರು ಗೋಳಿಟ್ಟುಕೊಂಡರು. 1954ಕ್ಕೆ ಮುಂಚಿನವು ಮತ್ತು ಸಾಂಪ್ರದಾಯಿಕ ವಿಧಾನದಲ್ಲಿ ಕೈಯಿಂದ ಮಾಡಿದವು ಅದೇ ವರ್ಷ ನಿಷೇಧದಿಂದ ಹೊರಗುಳಿದವು. ಬಾಗಿದ ಅಲಗಿನ ಉದ್ದ ಅಳೆಯುವುದು ಹೇಗೆಂಬುದನ್ನೂ ಆ ಆದೇಶ ಹೇಳಿದೆ: ಹಿಡಿಯ ಮೇಲ್ತುದಿಯಿಂದ ಅಲಗಿನ ತುದಿಗೆ ನೇರ ಗೆರೆ. ಕಂಸವಲ್ಲ, ಜ್ಯಾ. ರೇಖಾಗಣಿತ ಎಲ್ಲಿ ಬೇಕಾಗುತ್ತದೆ ಎಂದು ಕೇಳುವ ಹುಡುಗರಿಗೆ ಇದೊಂದು ಉತ್ತರ.

ಸಂಗ್ರಹಕಾರನಿಗೆ ಈ ಏರ್ಪಾಡು ಒಟ್ಟಿನಲ್ಲಿ ಲಾಭವೇ. ಸರ್ಕಾರವೇ ಬರೆದುಕೊಟ್ಟ ಜಾತಕವಿರುವ ವಸ್ತುವಿಗೆ ಬೆಲೆ ಇಳಿಯುವುದು ಕಷ್ಟ. ಭಾರವೆಲ್ಲ ಬಿದ್ದದ್ದು ಕಮ್ಮಾರನ ಹೆಗಲಿಗೆ. ಕತ್ತಿ ಮಾಡಬಯಸುವ ಹುಡುಗ ಪರವಾನಗಿಯುಳ್ಳ ಗುರುವಿನ ಬಳಿ ಕನಿಷ್ಠ 5 ವರ್ಷ ಶಿಷ್ಯನಾಗಿರಬೇಕು. ಸಾಮಾನ್ಯವಾಗಿ ಸಂಬಳವಿಲ್ಲ. ಇದ್ದಿಲು ಕತ್ತರಿಸುವುದರಿಂದ ಪಾಠ ಶುರು. ಆಮೇಲೆ ಸಂಸ್ಕೃತಿ ಇಲಾಖೆಯ ಎಂಟು ದಿನಗಳ ಪ್ರಾಯೋಗಿಕ ಪರೀಕ್ಷೆ. ತೇರ್ಗಡೆಯಾಗಿ ಪರವಾನಗಿ ಸಿಕ್ಕಿದರೂ ತಿಂಗಳಿಗೆ ಎರಡು ಉದ್ದ ಕತ್ತಿ, ಇಲ್ಲವೆ ಮೂರು ಗಿಡ್ಡ ಕತ್ತಿ ಮಾತ್ರ ಮಾಡಬಹುದು. ಅವಸರದ ಕೆಲಸ ಬೇಡ, ಕತ್ತಿ ಮತ್ತೆ ಸಂತೆಯ ಸರಕಾಗುವುದು ಬೇಡ ಎಂಬುದು ಇದರ ಹಿಂದಿನ ಆಲೋಚನೆ. ಹೆಸರಾದ ಕಮ್ಮಾರನಿಗೆ ಈ ಮಿತಿಯಿಂದ ತೊಂದರೆಯಿಲ್ಲ; ಅವನ ಎರಡು ಕತ್ತಿಗೆ ಬೇಕಾದಷ್ಟು ಬೆಲೆ ಬರುತ್ತದೆ. ಆಗತಾನೇ ಕುಲುಮೆ ಹೂಡಿದವನ ಪಾಡು ಬೇರೆ. ಅವನಿಗೆ ಕೈ ಪಳಗಬೇಕಾದರೆ ಹೆಚ್ಚು ಅಲಗು ಬಡಿಯಬೇಕು, ಹೊಟ್ಟೆ ತುಂಬಬೇಕಾದರೆ ಹೆಚ್ಚು ಅಲಗು ಮಾರಬೇಕು. ಎರಡಕ್ಕೂ ಕಾಯಿದೆ ಅಡ್ಡ ನಿಂತಿದೆ. ಚಾಕು ಮಾಡಿ ದಿನ ದೂಡುವವರು ಎಷ್ಟೋ ಮಂದಿ. 1980ರ ದಶಕದ ಕೊನೆಗೆ ಮುನ್ನೂರರ ಆಸುಪಾಸಿನಲ್ಲಿದ್ದ ಸಂಘದ ಕಮ್ಮಾರರ ಸಂಖ್ಯೆ ಈಗ ಇನ್ನೂರಕ್ಕಿಂತ ಕೆಳಗಿಳಿದಿದೆ. ಗುಣ ಕಾಯಲು ಕಟ್ಟಿದ ಬೇಲಿ ಗಿಡಕ್ಕೇ ಬಿಗಿಯಾಗಿದೆ ಎನ್ನದೆ ವಿಧಿಯಿಲ್ಲ. ಪಿಯುಸಿ ಮುಗಿಸಿದ ಮಗ ಬಂದು 'ಅಪ್ಪ, ಐದು ವರ್ಷ ಸಂಬಳವಿಲ್ಲದೆ ಸುತ್ತಿಗೆ ಹಿಡಿಯುತ್ತೇನೆ' ಎಂದರೆ ಒಪ್ಪುವ ತಂದೆತಾಯಿ ಜಪಾನಿನಲ್ಲೂ ಕಡಿಮೆ.

ಭಾರತದ ದಾರಿ ಬೇರೆಯಾಗಿತ್ತು. 1959ರ ಆಯುಧ ಕಾಯಿದೆಯಲ್ಲಿ ಕತ್ತಿಗೆ ಪರವಾನಗಿ ಬೇಕೇ ಬೇಡವೇ ಎಂಬುದು ಮುಖ್ಯವಾಗಿ ಸ್ಥಳವನ್ನು ಅವಲಂಬಿಸಿದೆ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಅದು ಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಜನರಿಗೆ ಸೇರಿದ್ದು. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಕತ್ತಿಯ ಉಕ್ಕನ್ನೂ ಅದನ್ನು ಮಾಡಿದ ಕೈಯನ್ನೂ ಕೇಳುವ ಕಾಯಿದೆ ಇಲ್ಲಿ ಬರಲಿಲ್ಲ. ಕೇಳಬೇಕಾಗಿದ್ದ ಕಾಲದಲ್ಲಿ ಉಕ್ಕು ಇಲ್ಲಿಯೇ ಇತ್ತು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಮೂಸೆಯಲ್ಲಿ ಉಕ್ಕು ಕರಗಿಸುವುದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಇಂಗ್ಲಿಷಿನ 'ವೂಟ್ಸ್' ಎಂಬ ಮಾತಿಗೆ ಕನ್ನಡದ 'ಉಕ್ಕು' ಮೂಲವೆಂದು ಹೇಳುವುದುಂಟು. ಮೈಕೇಲ್ ಫ್ಯಾರಡೆ ವಿದ್ಯುತ್ತಿನಲ್ಲಿ ಹೆಸರು ಮಾಡುವ ಮುನ್ನ ಈ ಉಕ್ಕನ್ನು ವಿಶ್ಲೇಷಿಸಿದ್ದ. ವಿದೇಶದ ಅಗ್ಗದ ಉಕ್ಕು, ಇದ್ದಿಲಿಗೆ ಕೈಗೆಟುಕದಂತಾದ ಕಾಡು, 1878ರ ಆಯುಧ ಕಾಯಿದೆಯ ಕಾಲದಲ್ಲಿ ಕತ್ತಿಗೆ ಕುಗ್ಗಿದ ಬೇಡಿಕೆ ಎಲ್ಲವೂ ಕೂಡಿಬಂದು ಮೂಸೆಗಳು ಆರಿದವು. ನೂರು ವರ್ಷ ಕಳೆದ ಮೇಲೆ, 1990ರ ದಶಕದಲ್ಲಿ, ಅಮೆರಿಕದ ವರ್ಹೋವನ್ ಎಂಬ ಲೋಹವಿಜ್ಞಾನಿ ಪೆಂಡ್ರೆ ಎಂಬ ಕಮ್ಮಾರನ ಜೊತೆಗೂಡಿ ಹಳೆಯ ಅಲಗುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ವನೇಡಿಯಂನಂಥ ಧಾತುಗಳ ಲೇಶದಿಂದ ಆ ಅಲೆಯಲೆ ಚಿತ್ತಾರ ಬರುತ್ತದೆಂದು ಪತ್ತೆಹಚ್ಚಬೇಕಾಯಿತು. ಹೇಳಿಕೊಡಲು ಮೂಸೆಯ ಮುಂದೆ ಕುಳಿತ ಯಾವ ಮುದುಕನೂ ಉಳಿದಿರಲಿಲ್ಲ.

ಜಪಾನಿನಲ್ಲೂ ಹೆಚ್ಚುಕಡಿಮೆ ಹಾಗೆಯೇ ಆಗುತ್ತಿತ್ತು. ತಮಾಹಗಾನೆ ತಯಾರಿಸುವ ತತಾರ ಎಂಬ ಮಣ್ಣಿನ ಕುಲುಮೆ 1945ರಲ್ಲಿ ಆರಿಹೋಗಿತ್ತು. ಹಳೆಯ ದಾಸ್ತಾನು ತೀರುತ್ತ ಬಂದಾಗ ಸಂರಕ್ಷಣಾ ಸಂಘದವರು ಶಿಮಾನೆ ಪ್ರಾಂತದ ಒಕುಯಿಜುಮೊದಲ್ಲಿ, ಯುದ್ಧಕಾಲದ ಕುಲುಮೆಯಿದ್ದ ಜಾಗದಲ್ಲೇ, 1977ರಲ್ಲಿ ಮತ್ತೆ ಬೆಂಕಿ ಹಾಕಿದರು. ಅಲ್ಲಿ ಹಿಂದೆ ದುಡಿದಿದ್ದ ಹಿರಿಯರು ಇನ್ನೂ ಬದುಕಿದ್ದರು. ಜ್ವಾಲೆಯ ಬಣ್ಣ ನೋಡಿ ಮರಳು ಸುರಿಯುವುದನ್ನು ಕಿರಿಯರಿಗೆ ಕಲಿಸಿದರು. ಚಳಿಗಾಲದಲ್ಲಿ ಮೂರು ಹಗಲು ಮೂರು ರಾತ್ರಿ ಉರಿಯುವ ಆ ಕುಲುಮೆ ಸುಮಾರು 10 ಟನ್ ಕಬ್ಬಿಣದ ಮರಳನ್ನೂ 12 ಟನ್ ಇದ್ದಿಲನ್ನೂ ನುಂಗಿ ಎರಡೂವರೆ ಟನ್ನಿನ ಗಟ್ಟಿಯೊಂದನ್ನು ಕೊಡುತ್ತದೆ. ಕೊನೆಗೆ ಕುಲುಮೆಯ ಗೋಡೆಯನ್ನೇ ಒಡೆದು ಗಟ್ಟಿಯನ್ನು ಹೊರಗೆಳೆಯುತ್ತಾರೆ. ಅದರಲ್ಲಿ ತಮಾಹಗಾನೆ ಒಂದು ಟನ್ನಿಗೂ ಕಡಿಮೆ. ಅದನ್ನು ಒಡೆದು, ದರ್ಜೆ ವಿಂಗಡಿಸಿ, ದೇಶದಾದ್ಯಂತ ಪರವಾನಗಿ ಪಡೆದ ಕಮ್ಮಾರರಿಗೆ ಹಂಚುತ್ತಾರೆ.